ಮೂರು ವರ್ಷದ ಪದವಿಯೋ, ನಾಲ್ಕು ವರ್ಷದ ಆನರ್ಸೋ? ಬಳ್ಳಾರಿ, ರಾಯಚೂರು, ಕೊಪ್ಪಳದವರು ಹಾಕಬೇಕಾದ ಲೆಕ್ಕ

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಕೂಡಲೇ ನಮ್ಮ ಮೂರೂ ಜಿಲ್ಲೆಗಳ ಮನೆಗಳಲ್ಲಿ ಒಂದೇ ಚರ್ಚೆ. ಊರ ಹತ್ತಿರದ ಕಾಲೇಜಿನಲ್ಲೇ ಮೂರು ವರ್ಷದ ಬಿ.ಎ., ಬಿ.ಎಸ್ಸಿ., ಬಿ.ಕಾಂ. ಓದಿಸಬೇಕೋ, ಕಲಬುರಗಿಗೋ ಬೆಂಗಳೂರಿಗೋ ಕಳಿಸಿ ನಾಲ್ಕು ವರ್ಷದ ಆನರ್ಸ್ ಮಾಡಿಸಬೇಕೋ? 2023-24ರಲ್ಲಿ ಪದವಿಗೆ ಸೇರಿದವರ ಪ್ರಶ್ನೆ ಬೇರೆ: ಆರನೇ ಸೆಮಿಸ್ಟರ್ ಮುಗಿಸಿ ಪದವಿ ತಗೊಂಡು ಹೊರಬರುವುದೋ, ನಾಲ್ಕನೇ ವರ್ಷಕ್ಕೂ ಕೂರುವುದೋ?

ಈ ಗೊಂದಲಕ್ಕೆ ವಿದ್ಯಾರ್ಥಿಗಳು ಕಾರಣರಲ್ಲ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ 2021-22ರಲ್ಲಿ ಕರ್ನಾಟಕದ ವಿಶ್ವವಿದ್ಯಾಲಯಗಳಿಗೆ ನಾಲ್ಕು ವರ್ಷದ ಆನರ್ಸ್ ಬಂತು. ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗ ಮಧ್ಯಂತರ ವರದಿ ಕೊಟ್ಟ ಮೇಲೆ, 2024ರ ಮೇ ತಿಂಗಳ ಸರ್ಕಾರಿ ಆದೇಶದೊಂದಿಗೆ 2024-25ರಿಂದ ಮೂರು ವರ್ಷದ ಪದವಿ ಮರಳಿತು. ನಡುವೆ, 2021-22ರಿಂದ 2023-24ರವರೆಗೆ ಸೇರಿದ ಮೂರು ತಂಡಗಳಿಗೆ ಮಾತ್ರ ನಾಲ್ಕನೇ ವರ್ಷದ ಅವಕಾಶ ಉಳಿಯಿತು. ಹೀಗಾಗಿ ಅಣ್ಣ ಓದಿದ ಪದ್ಧತಿ ಒಂದು, ತಮ್ಮ ಓದುತ್ತಿರುವುದು ಇನ್ನೊಂದು. ಅಣ್ಣನ ಅನುಭವ ಕೇಳಿ ತಮ್ಮನ ಕೋರ್ಸ್ ಆರಿಸಿದರೆ ಎಡವುವುದು ಖಚಿತ.

ಮೊದಲು ಯಾವುದನ್ನು ತೂಗಬೇಕು

ಎಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ಪದವಿಯ ನಂತರ ನೀವು ತಟ್ಟುವ ಬಾಗಿಲು ಏನು ಕೇಳುತ್ತದೆ ಎಂಬುದನ್ನು. ಪಿಡಿಒ, ಎಫ್‌ಡಿಎ, ಕೆಎಎಸ್, ಯುಪಿಎಸ್‌ಸಿ ಕೇಳುವುದು ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಒಂದು ಪದವಿಯನ್ನು ಮಾತ್ರ. ಅಲ್ಲಿ ಆನರ್ಸ್‌ಗೆ ಹೆಚ್ಚಿನ ಅಂಕವಿಲ್ಲ, ಪ್ರತ್ಯೇಕ ಸಾಲೂ ಇಲ್ಲ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಯಡಿ ನಮ್ಮ ಭಾಗದ ಹುದ್ದೆಗಳಲ್ಲಿ ಎ ಮತ್ತು ಬಿ ಗುಂಪಿಗೆ 75%, ಸಿ ಗುಂಪಿಗೆ 80%, ಡಿ ಗುಂಪಿಗೆ 85% ಸ್ಥಳೀಯರಿಗೆ ಮೀಸಲು. ಆ ಲಾಭವೂ ಪದವಿಯ ಅವಧಿ ನೋಡಿ ಬರುವುದಲ್ಲ. ಶಿಕ್ಷಕ ಹುದ್ದೆಯ ಕಥೆ ಬೇರೆ, ಸಂಶೋಧನೆಯದು ಇನ್ನೂ ಬೇರೆ. ಅವನ್ನು ಮುಂದೆ ಬಿಡಿಸಿ ಹೇಳಿದ್ದೇವೆ.

ಎರಡನೆಯದು, ನಾಲ್ಕನೇ ವರ್ಷ ಪಾಠ ಮಾಡುವವರು ಯಾರು? ಮೂರನೆಯದು, ಓದುವ ವಿಷಯಗಳ ಜೋಡಣೆ. ನಾಲ್ಕನೆಯದು ಒಟ್ಟು ಖರ್ಚು. ಅದರೊಳಗೆ ಆ ಒಂದು ವರ್ಷ ದುಡಿಯದೆ ಬಿಟ್ಟ ಸಂಬಳವನ್ನೂ ಸೇರಿಸಬೇಕು. ಕೊನೆಯದಾಗಿ ಪಾಠ ಮತ್ತು ಪರೀಕ್ಷೆಯ ಭಾಷೆ. ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗ ಹುಡುಗಿಯರು ಇದನ್ನು ಹಗುರವಾಗಿ ತಗೊಳ್ಳಬಾರದು. ನಮ್ಮ ಜಿಲ್ಲೆಗಳ ಬಿ.ಎ. ತರಗತಿಗಳಲ್ಲಿ ಕನ್ನಡದಲ್ಲೇ ಉತ್ತರ ಬರೆಯಬಹುದು. ಕೇಂದ್ರೀಯ ಮತ್ತು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಪಾಠ, ಪ್ರಬಂಧ, ಮೌಖಿಕ ಎಲ್ಲವೂ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ.

ಸಾಮಾನ್ಯ ಪದವಿ: ಹತ್ತಿರದ ಕಾಲೇಜು, ಮೂರು ಮುಖ್ಯ ವಿಷಯ

2024-25ರ ನಂತರ ರಾಜ್ಯ ವಿಶ್ವವಿದ್ಯಾಲಯಗಳ ಅಡಿಯ ಕಾಲೇಜಿಗೆ ಸೇರುವವರಿಗೆ ಸಿಗುವುದು ಇದೇ. ಇದರ ದೊಡ್ಡ ಬಲ ಮೂರು ಮುಖ್ಯ ವಿಷಯಗಳ ಪದ್ಧತಿ. ಪ್ರೌಢಶಾಲಾ ಶಿಕ್ಷಕರಾಗಬೇಕೆನ್ನುವವರಿಗೆ ಇದು ನಿರ್ಣಾಯಕ. ನೇಮಕಾತಿ ಅಧಿಸೂಚನೆಗಳಲ್ಲಿ ಪಿಸಿಎಂ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ), ಸಿಬಿಝಡ್ (ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ) ಎಂದು ವಿಷಯಗಳ ಗುಂಪನ್ನೇ ಕೇಳುತ್ತಾರೆ. ರಾಷ್ಟ್ರೀಯ ನೀತಿಯ ತಂಡಗಳು ಮೊದಲ ನಾಲ್ಕು ಸೆಮಿಸ್ಟರ್‌ಗಳಲ್ಲಿ ಎರಡೇ ಮುಖ್ಯ ವಿಷಯ ಓದಿದ್ದವು. ಭೌತಶಾಸ್ತ್ರ–ಗಣಿತ ತಗೊಂಡವರ ಕೈಯಿಂದ ರಸಾಯನಶಾಸ್ತ್ರ ಜಾರಿತು, ಬಿ.ಇಡಿ. ಸೇರುವಾಗಲೋ ಅರ್ಜಿ ಹಾಕುವಾಗಲೋ ಅದರ ಪೆಟ್ಟು ಗೊತ್ತಾಯಿತು. ಆ ತಂಡದವರು ನಾಲ್ಕನೇ ವರ್ಷ ಓದಿದರೂ ಈ ಕೊರತೆ ತುಂಬುವುದಿಲ್ಲ, ಏಕೆಂದರೆ ಅಲ್ಲಿ ಆಳವಾಗಿ ಓದುವುದು ಆರಿಸಿಕೊಂಡ ವಿಷಯವನ್ನೇ.

ಮೂರು ವಿಷಯದ ಪದ್ಧತಿಯಲ್ಲೂ ಎಚ್ಚರ ಬೇಕು. ಕೊನೆಯ ವರ್ಷ ಮೂರನ್ನೂ ಮುಂದುವರಿಸಬೇಕೋ, ಒಂದೆರಡಕ್ಕೆ ಒತ್ತು ಕೊಡಬೇಕೋ ಎಂಬುದನ್ನು ನಿಮ್ಮ ವಿಶ್ವವಿದ್ಯಾಲಯದ ನಿಯಮಾವಳಿಯಲ್ಲಿ ಓದಿ. ಶಿಕ್ಷಕ ವೃತ್ತಿ ಮನಸ್ಸಿನಲ್ಲಿದ್ದರೆ, ಬಿಡುವ ವಿಷಯ ಯಾವುದೆಂದು ತೀರ್ಮಾನಿಸುವ ಮುನ್ನ ಹಿಂದಿನ ನೇಮಕಾತಿಯ ಅಧಿಸೂಚನೆಯನ್ನು ಮುಂದಿಟ್ಟುಕೊಳ್ಳಿ. ಬಿ.ಎ. ಹುಡುಗರು ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ತಗೊಂಡರೆ ಸಮಾಜ ವಿಜ್ಞಾನದ ಶಿಕ್ಷಕ ಹುದ್ದೆ, ಕೆಎಎಸ್ ತಯಾರಿ ಎರಡೂ ಒಂದೇ ದಾರಿಯಲ್ಲಿ ಸಾಗುತ್ತವೆ. ಐಚ್ಛಿಕ ಕನ್ನಡ ಸೇರಿಸಿಕೊಂಡವರಿಗೆ ಕನ್ನಡ ಎಂ.ಎ. ಬಾಗಿಲೂ ತೆರೆದಿರುತ್ತದೆ.

ದೌರ್ಬಲ್ಯ ಇರುವುದು ಬೋಧಕರ ಕಡೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಬೋಧನೆಯ ಬಹುಪಾಲು ಭಾರ ಹೊತ್ತವರು ಅತಿಥಿ ಉಪನ್ಯಾಸಕರು. ಅವರ ಶ್ರದ್ಧೆಯಲ್ಲಿ ಕೊರತೆಯಿಲ್ಲ, ವ್ಯವಸ್ಥೆಯಲ್ಲಿದೆ: ಅವರ ನೇಮಕಾತಿ ತಡವಾದರೆ ಸೆಮಿಸ್ಟರಿನ ಮೊದಲ ವಾರಗಳು ಖಾಲಿ ಹೋಗುತ್ತವೆ. ಸೇರುವ ಮುನ್ನ ನಿಮ್ಮ ಮೂರೂ ವಿಷಯಕ್ಕೆ ಕಾಯಂ ಬೋಧಕರು ಎಷ್ಟು, ಪ್ರಯೋಗಾಲಯ ವಾರಕ್ಕೆ ಎಷ್ಟು ಗಂಟೆ ನಡೆಯುತ್ತದೆ ಎಂದು ಎರಡನೇ, ಮೂರನೇ ವರ್ಷದ ವಿದ್ಯಾರ್ಥಿಗಳನ್ನು ಕೇಳಿ. ಕಚೇರಿಯಲ್ಲಿ ಕೇಳಿದರೆ ಮಂಜೂರಾದ ಹುದ್ದೆ ಹೇಳುತ್ತಾರೆ, ತುಂಬಿದ ಹುದ್ದೆ ಹೇಳುವುದಿಲ್ಲ.

ನಾಲ್ಕು ವರ್ಷದ ಆನರ್ಸ್: ನಾಲ್ಕನೇ ವರ್ಷದಲ್ಲಿ ಏನಿದೆ

ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2022ರ ಡಿಸೆಂಬರ್‌ನಲ್ಲಿ ಕೊಟ್ಟ ಚೌಕಟ್ಟಿನಂತೆ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್, ಆನರ್ಸ್‌ಗೆ 160. ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರಿಗೆ 15 ಗಂಟೆ ಪಾಠ ಅಥವಾ 30 ಗಂಟೆ ಪ್ರಾಯೋಗಿಕ. ಮುಖ್ಯ ವಿಷಯದ ಪಾಲು ಮೂರು ವರ್ಷದಲ್ಲಿ 60 ಕ್ರೆಡಿಟ್, ನಾಲ್ಕು ವರ್ಷದಲ್ಲಿ 80. ಉಪವಿಷಯ 24ರಿಂದ 32ಕ್ಕೆ ಏರುತ್ತದೆ. ನಾಲ್ಕನೇ ವರ್ಷದಲ್ಲೂ ಎರಡು ಬಗೆ. ಸಾಮಾನ್ಯ ಆನರ್ಸ್‌ನಲ್ಲಿ ಹೆಚ್ಚಿನ ಪತ್ರಿಕೆಗಳಿರುತ್ತವೆ. ಸಂಶೋಧನೆ ಸಹಿತ ಆನರ್ಸ್‌ನಲ್ಲಿ 12 ಕ್ರೆಡಿಟ್‌ನ ಸಂಶೋಧನಾ ಪ್ರಬಂಧ ಇರುತ್ತದೆ. ಅದಕ್ಕೆ ಮೊದಲ ಆರು ಸೆಮಿಸ್ಟರ್‌ಗಳಲ್ಲಿ 75% ಬಂದಿರಬೇಕು.

ಆ 75% ಎಂಬ ಗೆರೆಯನ್ನು ಗಟ್ಟಿಯಾಗಿ ನೆನಪಿಡಿ. ಎಂ.ಎ., ಎಂ.ಎಸ್ಸಿ. ಇಲ್ಲದೆ ನೇರವಾಗಿ ಪಿಎಚ್‌.ಡಿ.ಗೆ ಹೋಗಬೇಕಾದರೂ ಯುಜಿಸಿಯ 2022ರ ನಿಯಮದಂತೆ ನಾಲ್ಕು ವರ್ಷದ ಪದವಿಯಲ್ಲಿ 75% ಬೇಕು. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲರಿಗೆ 5% ಸಡಿಲಿಕೆ ಇದೆ. 2024ರ ಜೂನ್ ಸರದಿಯಿಂದ ಇಂಥವರು ರಾಷ್ಟ್ರೀಯ ಅರ್ಹತಾ ಪರೀಕ್ಷೆ ನೆಟ್ ಬರೆಯಲು ಅವಕಾಶವಾಯಿತು. ಆದರೆ ಆ ಅರ್ಹತೆ ಪಿಎಚ್‌.ಡಿ. ಪ್ರವೇಶಕ್ಕೆ ಮತ್ತು ಸಂಶೋಧನಾ ಸಹಾಯಧನವಾದ ಜೆಆರ್‌ಎಫ್‌ಗೆ ಅಷ್ಟೇ. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿಯಲ್ಲಿ 55% ಮತ್ತು ನೆಟ್ ಅಥವಾ ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಬೇಕೇ ಬೇಕು. ಆನರ್ಸ್ ಮಾಡಿದರೆ ನೇರ ಲೆಕ್ಚರರ್ ಆಗಬಹುದು ಎಂದು ನಂಬಿಸುವವರ ಮಾತಿಗೆ ಕಿವಿಗೊಡಬೇಡಿ.

ಆನರ್ಸ್ ಪರವಾಗಿ ಹೇಳುವ ದೊಡ್ಡ ಮಾತು, ಮುಂದೆ ಒಂದೇ ವರ್ಷದಲ್ಲಿ ಸ್ನಾತಕೋತ್ತರ ಪದವಿ ಮುಗಿಯುತ್ತದೆ ಎಂಬುದು. ಚೌಕಟ್ಟಿನಲ್ಲಿ ಇದು ನಿಜ: ಮೂರು ವರ್ಷ ಓದಿದವರಿಗೆ ಎರಡು ವರ್ಷ, ನಾಲ್ಕು ವರ್ಷ ಓದಿದವರಿಗೆ ಒಂದು ವರ್ಷ. ಎರಡೂ ಕಡೆ ಒಟ್ಟು ಐದೇ ವರ್ಷ. ಅಡಚಣೆ ಬರುವುದು ಇಲ್ಲೇ. ನೀವು ಸೇರಬೇಕೆಂದಿರುವ ವಿಭಾಗ ಒಂದು ವರ್ಷದ ಕೋರ್ಸ್ ನಡೆಸದಿದ್ದರೆ, ಅಥವಾ ಎರಡನೇ ವರ್ಷಕ್ಕೆ ನೇರ ಪ್ರವೇಶ ಕೊಡದಿದ್ದರೆ, ನಾಲ್ಕಕ್ಕೆ ಎರಡು ಸೇರಿ ಆರು ವರ್ಷವಾಗುತ್ತದೆ. ಆದ್ದರಿಂದ ನಾಲ್ಕನೇ ವರ್ಷದ ಶುಲ್ಕ ಕಟ್ಟುವ ಮೊದಲು ಮುಂದಿನ ವಿಶ್ವವಿದ್ಯಾಲಯದ ಪ್ರವೇಶ ಅಧಿಸೂಚನೆಯಲ್ಲಿ ಆ ವಾಕ್ಯವನ್ನು ಕಣ್ಣಾರೆ ನೋಡಿ. ಸಿಗದಿದ್ದರೆ ಆರನೇ ಸೆಮಿಸ್ಟರಿಗೆ ಹೊರಬಂದು ಎರಡು ವರ್ಷದ ಎಂ.ಎ., ಎಂ.ಎಸ್ಸಿ., ಎಂ.ಕಾಂ. ಸೇರುವುದೇ ಲೇಸು. ಅಷ್ಟೇ ಸಮಯದಲ್ಲಿ ಎಲ್ಲರೂ ಒಪ್ಪುವ ಪದವಿ ಕೈಯಲ್ಲಿರುತ್ತದೆ.

ಬೋಧಕರ ಪ್ರಶ್ನೆಯೂ ಇಲ್ಲೇ ತೀಕ್ಷ್ಣವಾಗುತ್ತದೆ. ನಾಲ್ಕನೇ ವರ್ಷದ ಪತ್ರಿಕೆಗಳು ಎಂ.ಎಸ್ಸಿ. ಮೊದಲ ವರ್ಷದ ಮಟ್ಟದವು. ಸ್ನಾತಕೋತ್ತರ ವಿಭಾಗವೇ ಇಲ್ಲದ ಕಾಲೇಜು ಅದನ್ನು ನಡೆಸಿದರೆ ಗ್ರಂಥಾಲಯ, ಉಪಕರಣ, ಮಾರ್ಗದರ್ಶಕರು ಮೂರಕ್ಕೂ ಬರಗಾಲ. ಪ್ರಬಂಧಕ್ಕೆ ಮಾರ್ಗದರ್ಶಕರು ಸಿಗದೆ ಕೊನೆಯ ತಿಂಗಳು ಯಾವುದೋ ಹಳೆಯ ವರದಿ ನಕಲಿಸಿ ಕೊಡುವುದು ಇದರ ಫಲ, ಅಂಥ ಪ್ರಬಂಧದಿಂದ ಪಿಎಚ್‌.ಡಿ. ಸಂದರ್ಶನದಲ್ಲಿ ಉತ್ತರ ಹೇಳಲಾಗುವುದಿಲ್ಲ. ನಿಮ್ಮ ವಿಷಯದಲ್ಲಿ ಪಿಎಚ್‌.ಡಿ. ಮಾರ್ಗದರ್ಶನ ಮಾಡುವ ಕನಿಷ್ಠ ಇಬ್ಬರು ಬೋಧಕರು ಅಲ್ಲಿ ಇಲ್ಲದಿದ್ದರೆ ಸಂಶೋಧನೆ ಸಹಿತ ಆನರ್ಸ್ ಬೇಡ ಎಂಬುದು ನಮ್ಮ ಸ್ಪಷ್ಟ ಸಲಹೆ.

ಆನರ್ಸ್ ಬೇಕೆಂದೇ ಇದ್ದರೆ ಎಲ್ಲಿ?

ಕಲಬುರಗಿಯಿಂದ ಆಳಂದ ರಸ್ತೆಯಲ್ಲಿ ಕಡಗಂಚಿಯ ಹತ್ತಿರ ಇರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಆರಂಭವಾದದ್ದು. ನಮ್ಮ ಮೂರೂ ಜಿಲ್ಲೆಗಳವರು ಮೊದಲು ನೋಡಬೇಕಾದದ್ದು ಇದನ್ನೇ. ಪ್ರವೇಶ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ. ಸಿಯುಇಟಿಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದು ಎಂಬುದು ಬಹಳ ಮಂದಿಗೆ ಗೊತ್ತೇ ಇಲ್ಲ. ಪಿಯು ಫಲಿತಾಂಶ ಬರಲಿ ಎಂದು ಕಾದರೆ ಅರ್ಜಿಯ ಗಡುವು ದಾಟಿರುತ್ತದೆ. ಕನ್ನಡದಲ್ಲಿ ಪರೀಕ್ಷೆ ಪಾಸಾದರೂ ತರಗತಿ ಇಂಗ್ಲಿಷಿನಲ್ಲಿ ನಡೆಯುತ್ತದೆ. ಮೊದಲ ಎರಡು ಸೆಮಿಸ್ಟರ್ ಇಂಗ್ಲಿಷಿನಲ್ಲಿ ಬರೆಯುವ ಅಭ್ಯಾಸಕ್ಕೆ ದಿನಕ್ಕೊಂದು ಗಂಟೆ ಮೀಸಲಿಟ್ಟರೆ ಮುಂದೆ ದಾರಿ ಸಲೀಸು.

ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯಗಳ ಜಾಹೀರಾತುಗಳಲ್ಲಿ ಬಿ.ಕಾಂ. ಆನರ್ಸ್, ಬಿ.ಎಸ್ಸಿ. ಆನರ್ಸ್ ಎಂದು ಇರುತ್ತದೆ. ಒಟ್ಟು ಎಷ್ಟು ಕ್ರೆಡಿಟ್, ಮೂರನೇ ವರ್ಷದ ಕೊನೆಗೆ ಹೊರಬಂದರೆ ಸಿಗುವ ಪದವಿಯ ಹೆಸರೇನು, ನಾಲ್ಕನೇ ವರ್ಷದ ಶುಲ್ಕ ಎಷ್ಟು ಎಂದು ಬರಹದಲ್ಲಿ ಕೇಳಿ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದಂಥ ಕೆಲವೆಡೆ ಮನೆಯ ಆದಾಯ ನೋಡಿ ಶುಲ್ಕ, ವಸತಿ ಎರಡರಲ್ಲೂ ನೆರವು ಕೊಡುತ್ತಾರೆ. ಹಾಗಾಗಿ ಶುಲ್ಕದ ಪಟ್ಟಿ ನೋಡಿದೊಡನೆ ಬಡವರ ಮಕ್ಕಳು ಹಿಂದೆ ಸರಿಯಬೇಕಿಲ್ಲ.

ರಾಯಚೂರು ಕೃಷಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಆನರ್ಸ್ ಕೃಷಿ ಪೂರ್ತಿ ಬೇರೆ ಜಾತಿಯದು. ಅದು ನಾಲ್ಕು ವರ್ಷದ ವೃತ್ತಿಪರ ಪದವಿ. ಆನರ್ಸ್ ಎಂಬುದು ಪದವಿಯ ಹೆಸರಿನಲ್ಲೇ ಇದೆ, ಎಲ್ಲರಿಗೂ ಸಿಗುತ್ತದೆ. ರಾಜ್ಯ ನೀತಿಯ ಬದಲಾವಣೆ ಇದಕ್ಕೆ ತಟ್ಟಿಲ್ಲ. ಪ್ರವೇಶ ಕೆಸಿಇಟಿಯಲ್ಲಿ, ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಕೃಷಿ ಅಧಿಕಾರಿ ಹುದ್ದೆಗೆ, ಬ್ಯಾಂಕುಗಳ ಕೃಷಿ ಕ್ಷೇತ್ರಾಧಿಕಾರಿ ಹುದ್ದೆಗೆ ನಾಲ್ಕು ವರ್ಷದ ಇಂಥ ಪದವಿಯೇ ಬೇಕು. ಮಾನ್ವಿ, ಸಿಂಧನೂರು, ಗಂಗಾವತಿಯ ಭತ್ತದ ನಾಡಿನಲ್ಲಿ ಹುಟ್ಟಿ ವಿಜ್ಞಾನ ಓದಿದವರು ಸಾಮಾನ್ಯ ಬಿ.ಎಸ್ಸಿ.ಗೆ ಮುನ್ನ ಇದಕ್ಕೆ ಪ್ರಯತ್ನಿಸಬೇಕು. ಪೈಪೋಟಿ ಹೆಚ್ಚು, ಆದರೆ 371ಜೆ ಅಡಿ ನಮ್ಮ ಭಾಗದ ಸೀಟುಗಳಲ್ಲಿ 70% ಸ್ಥಳೀಯರಿಗೇ.

ಶಿಕ್ಷಕರಾಗುವುದೇ ಗುರಿಯಾದವರಿಗೆ ಬಿ.ಎ.–ಬಿ.ಇಡಿ., ಬಿ.ಎಸ್ಸಿ.–ಬಿ.ಇಡಿ. ಸೇರಿದ ನಾಲ್ಕು ವರ್ಷದ ಸಂಯೋಜಿತ ಕೋರ್ಸ್ ಅತ್ಯುತ್ತಮ ಲೆಕ್ಕ. ಮೂರು ವರ್ಷದ ಪದವಿ, ಎರಡು ವರ್ಷದ ಬಿ.ಇಡಿ. ಸೇರಿ ಐದಾಗುವುದು ಇಲ್ಲಿ ನಾಲ್ಕಕ್ಕೆ ಮುಗಿಯುತ್ತದೆ. ಪ್ರವೇಶ ಎನ್‌ಸಿಇಟಿ ಪರೀಕ್ಷೆಯ ಮೂಲಕ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದಕ್ಕೆ ಹೆಸರಾದ ಜಾಗ. ಸೀಟು ಕಡಿಮೆ ಇರುವುದರಿಂದ ಹತ್ತಿರದ ಕಾಲೇಜಿನ ಅರ್ಜಿಯನ್ನೂ ಜೊತೆಗೇ ಹಾಕಿಡಿ. ನಾಲ್ಕು ವರ್ಷದ ಆನರ್ಸ್ ಓದಿದವರಿಗೆ ಒಂದು ವರ್ಷದ ಬಿ.ಇಡಿ. ಎಂಬ ಮಾತು 2025ರ ಕರಡು ನಿಯಮದಲ್ಲಿ ಬಂದಿತ್ತು. ಕರಡನ್ನು ನಂಬಿ ಒಂದು ವರ್ಷ ಕಳೆಯಬೇಡಿ.

ಈಗಾಗಲೇ ದುಡಿಯುತ್ತಿರುವವರಿಗೆ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಮೂರು ವರ್ಷದ ಪದವಿ ಸಾಕು. ಪ್ರಯೋಗಾಲಯ ಬೇಡುವ ವಿಷಯಕ್ಕೆ ಮಾತ್ರ ಅದು ಹೊಂದದು.

ದುಡ್ಡಿನ ಲೆಕ್ಕ

ಕಾಲೇಜು ಶುಲ್ಕವನ್ನಷ್ಟೇ ಹೋಲಿಸುವುದು ಎಲ್ಲರೂ ಮಾಡುವ ತಪ್ಪು. ಉದಾಹರಣೆಗೆ, ಪದವಿ ಮುಗಿಸಿದ ಹುಡುಗನಿಗೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಸುತ್ತಲೋ ಗಂಗಾವತಿಯ ಅಕ್ಕಿ ಗಿರಣಿಯ ಲೆಕ್ಕಪತ್ರದಲ್ಲೋ ತಿಂಗಳಿಗೆ 12,000 ರೂಪಾಯಿಯ ಕೆಲಸ ಸಿಗುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕನೇ ವರ್ಷ ಓದಿದರೆ ಆ 1,44,000 ರೂಪಾಯಿ ಬರುವುದಿಲ್ಲ. ಹೊರಗಿನ ಊರಿನಲ್ಲಿ ವಸತಿ, ಊಟಕ್ಕೆ ತಿಂಗಳಿಗೆ 6,000 ಎಂದರೆ ಹತ್ತು ತಿಂಗಳಿಗೆ 60,000. ಶುಲ್ಕ ಸೇರಿಸುವ ಮುನ್ನವೇ 2 ಲಕ್ಷ ದಾಟಿತು. ಆ ವರ್ಷ ಮುಂದಿನ ಸ್ನಾತಕೋತ್ತರ ಪದವಿಯಲ್ಲಿ ಒಂದು ವರ್ಷ ಉಳಿಸಿಕೊಟ್ಟರೆ ಈ ಖರ್ಚು ಸರಿಹೋಗುತ್ತದೆ. ಉಳಿಸಿಕೊಡದಿದ್ದರೆ ಅದು ಮನೆಯ ಮೇಲಿನ ಸಾಲ.

ನೆರವಿನ ದಾರಿಗಳೂ ಇವೆ. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿಯ ವಿದ್ಯಾರ್ಥಿವೇತನ ಕೊಡುತ್ತದೆ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ರೈತರ ಮಕ್ಕಳಿಗೆ ಪದವಿ ಓದಲು ಹುಡುಗರಿಗೆ 5,000, ಹುಡುಗಿಯರಿಗೆ 5,500 ರೂಪಾಯಿ ಎಂದು ನಿಗದಿಯಾಗಿತ್ತು. ಸ್ನಾತಕೋತ್ತರಕ್ಕೆ 10,000 ಮತ್ತು 11,000. ಗಮನಿಸಿ: ನಾಲ್ಕನೇ ವರ್ಷದ ಆನರ್ಸ್ ಪದವಿಯ ಲೆಕ್ಕಕ್ಕೇ ಬರುತ್ತದೆ, ಎಂ.ಎ. ಮೊದಲ ವರ್ಷ ಸ್ನಾತಕೋತ್ತರದ ಲೆಕ್ಕಕ್ಕೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ತಿರಸ್ಕೃತವಾಗಲು ಸಾಮಾನ್ಯ ಕಾರಣ ಆಧಾರ್ ಜೋಡಣೆಯಾಗದ ಬ್ಯಾಂಕ್ ಖಾತೆ ಮತ್ತು ಅಂಕಪಟ್ಟಿಯಲ್ಲೊಂದು, ಆಧಾರಿನಲ್ಲೊಂದು ಬಗೆಯ ಹೆಸರು. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಬಸ್ಸೂ ಲೆಕ್ಕಕ್ಕೆ ಸೇರುತ್ತದೆ. ದಿನಾ ಹೋಗಿಬರುವಷ್ಟು ದೂರದ ಒಳ್ಳೆಯ ಕಾಲೇಜು ಇದ್ದರೆ ವಸತಿಯ ಖರ್ಚೇ ಉಳಿಯಿತು.

ಸಾಮಾನ್ಯ ಶಿಕ್ಷಣದ ಪತ್ರಿಕೆಗಳನ್ನು ಕಡೆಗಣಿಸಬೇಡಿ

ಭಾಷೆ, ಸಂವಿಧಾನ, ಪರಿಸರ, ಕಂಪ್ಯೂಟರ್ ಕೌಶಲ, ಬೇರೆ ವಿಭಾಗದ ಐಚ್ಛಿಕ ಪತ್ರಿಕೆ. ಇವನ್ನು ವಿದ್ಯಾರ್ಥಿಗಳೂ ಕಾಲೇಜುಗಳೂ ಕಾಟಾಚಾರಕ್ಕೆ ಮುಗಿಸುತ್ತಾರೆ. ಇದು ನೋವಿನ ಸಂಗತಿ. ಯುಜಿಸಿ ಚೌಕಟ್ಟಿನಲ್ಲಿ ಬಹುಶಿಸ್ತೀಯ ಪತ್ರಿಕೆಗಳಿಗೆ 9, ಭಾಷಾ ಸಾಮರ್ಥ್ಯಕ್ಕೆ 8, ಕೌಶಲಕ್ಕೆ 9 ಕ್ರೆಡಿಟ್ ಇದೆ. ಮೂರೂ ಸೇರಿದರೆ 26, ಎಂದರೆ ಒಂದು ಸೆಮಿಸ್ಟರಿಗಿಂತ ಹೆಚ್ಚು. ಮುಖ್ಯ ವಿಷಯದಲ್ಲಿ 80% ತೆಗೆದವರೂ ಇವುಗಳಲ್ಲಿ 50% ತಂದು ಆ 75% ಗೆರೆಯ ಕೆಳಗೆ ಜಾರುತ್ತಾರೆ. ಐಚ್ಛಿಕ ಆರಿಸುವಾಗ ಗೆಳೆಯರು ತಗೊಂಡದ್ದನ್ನೇ ತಗೊಳ್ಳದೆ, ಬಿ.ಎ.ಯವರು ಲೆಕ್ಕಪತ್ರ ಅಥವಾ ಅಂಕಿಅಂಶದ ಮೂಲಪಾಠ, ಬಿ.ಎಸ್ಸಿ.ಯವರು ಭಾರತದ ಅರ್ಥವ್ಯವಸ್ಥೆ ಅಥವಾ ಸಂವಿಧಾನ ತಗೊಂಡರೆ ಸ್ಪರ್ಧಾತ್ಮಕ ಪರೀಕ್ಷೆಯ ಸಾಮಾನ್ಯ ಅಧ್ಯಯನದ ಅರ್ಧ ಕೆಲಸ ತರಗತಿಯಲ್ಲೇ ಆಗುತ್ತದೆ.

ಯಾವ ವಿಶ್ವವಿದ್ಯಾಲಯದ ಅಡಿ?

ಬಳ್ಳಾರಿಯ ಕಾಲೇಜುಗಳು 2010ರಲ್ಲಿ ಸ್ಥಾಪನೆಯಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯಕ್ಕೆ ಸೇರಿವೆ. ರಾಯಚೂರಿನವು ಮೊದಲು ಗುಲಬರ್ಗಾ ವಿಶ್ವವಿದ್ಯಾಲಯದ ಅಡಿಯಲ್ಲಿದ್ದು, ಬಳಿಕ ಪ್ರತ್ಯೇಕ ರಾಯಚೂರು ವಿಶ್ವವಿದ್ಯಾಲಯಕ್ಕೆ ಬಂದವು. ಅದಕ್ಕೀಗ ಮಹರ್ಷಿ ವಾಲ್ಮೀಕಿ ಹೆಸರಿದೆ. ಕೊಪ್ಪಳದ ಕಾಲೇಜುಗಳು ಬಳ್ಳಾರಿಯಿಂದ ಬೇರ್ಪಟ್ಟು ಕೊಪ್ಪಳ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬಂದವು. ಹೊಸ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚಲು 2025ರಲ್ಲಿ ಸಂಪುಟ ಉಪಸಮಿತಿ ಶಿಫಾರಸು ಮಾಡಿದಾಗ ಆ ಪಟ್ಟಿಯಲ್ಲಿ ಕೊಪ್ಪಳವೂ ಇತ್ತು. ಪೋಷಕರ ಆತಂಕ ಸಹಜ, ಆದರೆ ರಾಜ್ಯದ ಕಾಯ್ದೆಯಡಿ ಹುಟ್ಟಿದ ವಿಶ್ವವಿದ್ಯಾಲಯ ಕೊಟ್ಟ ಪದವಿಯ ಮಾನ್ಯತೆ ವಿಲೀನದಿಂದ ಹೋಗುವುದಿಲ್ಲ. ಕಷ್ಟ ಬರುವುದು ಅಂಕಪಟ್ಟಿ, ವರ್ಗಾವಣೆ ಪತ್ರ, ಘಟಿಕೋತ್ಸವ ಪ್ರಮಾಣಪತ್ರಗಳ ಓಡಾಟದಲ್ಲಿ. ಅದಕ್ಕೆ ಪ್ರತಿ ಸೆಮಿಸ್ಟರಿನ ಫಲಿತಾಂಶವನ್ನು ರಾಜ್ಯದ ವಿಶ್ವವಿದ್ಯಾಲಯಗಳ ಜಾಲತಾಣ ಯುಯುಸಿಎಂಎಸ್‌ನಿಂದ ಇಳಿಸಿ ಇಟ್ಟುಕೊಳ್ಳಿ. ಗಳಿಸಿದ ಕ್ರೆಡಿಟ್‌ಗಳ ದಾಖಲೆ ಇಡುವ ಅಕಾಡೆಮಿಕ್ ಕ್ರೆಡಿಟ್ ಬ್ಯಾಂಕಿನ (ಎಬಿಸಿ) ಖಾತೆಯಲ್ಲಿ ಕ್ರೆಡಿಟ್ ಜಮೆಯಾಗಿದೆಯೇ ಎಂದು ಡಿಜಿಲಾಕರ್‌ನಲ್ಲಿ ನೋಡಿ. ಜಮೆಯಾದ ಕ್ರೆಡಿಟ್ ಗರಿಷ್ಠ ಏಳು ವರ್ಷ ಬಳಕೆಗೆ ಬರುತ್ತದೆ.

ಹಾಗಾದರೆ ಯಾರಿಗೆ ಯಾವುದು

ಸರ್ಕಾರಿ ನೌಕರಿಯ ಸ್ಪರ್ಧಾತ್ಮಕ ಪರೀಕ್ಷೆ ಗುರಿಯಾದವರಿಗೆ ಮೂರು ವರ್ಷ ಸಾಕು, ಉಳಿದ ವರ್ಷ ತಯಾರಿಗೆ ಇರಲಿ. ಶಿಕ್ಷಕರಾಗುವವರು ಮೊದಲು ಸಂಯೋಜಿತ ಬಿ.ಇಡಿ.ಗೆ ಯತ್ನಿಸಿ, ಸಿಗದಿದ್ದರೆ ಸರಿಯಾದ ಮೂರು ವಿಷಯಗಳ ಸಾಮಾನ್ಯ ಪದವಿ ಹಿಡಿಯಲಿ. ಒಂದು ವಿಷಯದ ಮೇಲೆ ನಿಜವಾದ ಪ್ರೀತಿ ಇದ್ದು, 75% ದಾಟುವ ಶಕ್ತಿಯೂ ಇದ್ದು, ಸಂಶೋಧನೆ ಮಾಡಬೇಕೆನ್ನುವವರು ಗಟ್ಟಿ ವಿಭಾಗವಿರುವ ಕಡೆ ಆನರ್ಸ್‌ಗೆ ಹೋಗಲಿ, ವಿದೇಶದಲ್ಲಿ ಎಂ.ಎಸ್. ಓದಬೇಕೆನ್ನುವವರಿಗೂ ನಾಲ್ಕು ವರ್ಷ ನೆರವಾಗುತ್ತದೆ. 2023-24ರ ತಂಡದಲ್ಲಿ 75% ಹತ್ತಿರವೂ ಇಲ್ಲದವರು ಆರನೇ ಸೆಮಿಸ್ಟರಿಗೆ ಹೊರಬರುವುದು ಒಳ್ಳೆಯದು. ಹಾಗೆ ಬಂದರೆ ಓದು ಅರ್ಧಕ್ಕೆ ಬಿಟ್ಟಂತಲ್ಲ, ಸಿಗುವುದು ಪೂರ್ಣ ಪದವಿಯೇ.

ಆಯ್ಕೆ ಯಾವುದೇ ಇರಲಿ, 371ಜೆ ಸ್ಥಳೀಯ ವ್ಯಕ್ತಿ ಪ್ರಮಾಣಪತ್ರಕ್ಕೆ ಸಹಾಯಕ ಆಯುಕ್ತರ ಕಚೇರಿಗೆ ಫಲಿತಾಂಶಕ್ಕೆ ಮುಂಚೆಯೇ ಅರ್ಜಿ ಕೊಡಿ. ವ್ಯಾಸಂಗ ಪ್ರಮಾಣಪತ್ರದಲ್ಲಿ ಶಾಲೆಯ ಮುಖ್ಯಶಿಕ್ಷಕರ ಸಹಿ, ವರ್ಷಗಳ ವಿವರ ಸರಿಯಿಲ್ಲದಿದ್ದರೆ ಕಡತ ಹಿಂದಕ್ಕೆ ಬರುತ್ತದೆ. ಮೇ, ಜೂನ್‌ನಲ್ಲಿ ಕಚೇರಿಗಳ ಮುಂದೆ ಸಾಲು ಬೆಳೆದಾಗ ಅದನ್ನು ಸರಿಪಡಿಸಿ ತರುವಷ್ಟರಲ್ಲಿ ಸೀಟು ಹಂಚಿಕೆಯ ಮೊದಲ ಸುತ್ತು ಮುಗಿದಿರುತ್ತದೆ.